ಸೆಲ್ಫ್ ಡ್ರೈವ್ ಕಾರು ವಾಪಸ್ ಕೊಟ್ಟ ಮೇಲೆ ಬರುವ ಡ್ಯಾಮೇಜ್ ಬಿಲ್

ಬಾಡಿಗೆ ಕಂಪನಿಯವರಿಂದ ಡ್ಯಾಮೇಜ್ ಮೆಸೇಜು ಬಂದ ತಕ್ಷಣ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಇದು ನಾನು ಮಾಡಿದ್ದಲ್ಲ." ಈ ವಾದ ನಿಲ್ಲಬೇಕಾದರೆ ಕಾರು ಕೈಗೆ ಬಂದ ಹೊತ್ತಿನ ಫೋಟೊ ಇರಬೇಕು, ಅದರಲ್ಲಿ ಆ ಜಾಗ ಸ್ಪಷ್ಟವಾಗಿ ಕಾಣಬೇಕು. ಅದಿಲ್ಲದಿದ್ದರೆ ನಿಮ್ಮ ಮಾತಿಗೆ ಅವರ ಮಾತು, ಅಷ್ಟೇ. ಡಿಪಾಸಿಟ್ ಅವರ ಕೈಲಿರುವ ತನಕ ಆ ಜಗ್ಗಾಟದಲ್ಲಿ ಸೋಲುವವರು ನೀವೇ. ಇದಕ್ಕಿಂತ ಹೆಚ್ಚು ಹಿಡಿತ ಸಿಗುವ ಜಾಗ ಇನ್ನೊಂದಿದೆ, ಅದು ಮೊತ್ತ. ಗೀರು ನಿಮ್ಮಿಂದಲೇ ಬಿದ್ದಿದ್ದರೂ ಅದಕ್ಕೆ ಇಷ್ಟು ದುಡ್ಡು ಯಾಕೆ, ಎಲ್ಲಿ ರಿಪೇರಿ ಮಾಡಿಸಿದಿರಿ, ಬಿಲ್ ಎಲ್ಲಿ ಎಂದು ಕೇಳಬಹುದು. ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ಬಂದಿರುವುದು ಬಿಲ್ ಅಲ್ಲ, ಎಸ್ಟಿಮೇಟ್ ಎಂಬುದನ್ನೂ ಗಮನಿಸುವುದಿಲ್ಲ.

ಫೋಟೊ ಬೇಡ ಎಂದಲ್ಲ. ಎಲ್ಲಿ, ಹೇಗೆ ತೆಗೆಯಬೇಕು ಎನ್ನುವುದರಲ್ಲೇ ಜನ ಎಡವುತ್ತಾರೆ. ನಾಲ್ಕು ಮೂಲೆಯಿಂದ ನಾಲ್ಕು ಫೋಟೊ ತೆಗೆದರೆ ಕಾರು ಚೆನ್ನಾಗಿ ಕಾಣುತ್ತದೆ, ಗೀರು ಕಾಣುವುದಿಲ್ಲ. ತೊಳೆದು ಒದ್ದೆ ಇರುವಾಗಲೇ ಕೊಟ್ಟ ಕಾರಿನಲ್ಲಿ ಸಣ್ಣ ಗೀರುಗಳು ಮುಚ್ಚಿಹೋಗಿರುತ್ತವೆ, ನೀರು ಒಣಗಿದ ಮೇಲೆಯೇ ಎದ್ದು ಕಾಣುತ್ತವೆ. ಒಂದು ಬಟ್ಟೆಯಿಂದ ಒರೆಸಿ ನೋಡಿ. ಬೇಸ್‌ಮೆಂಟಿನಲ್ಲಿ ಕೊಟ್ಟರೆ ಫೋನಿನ ಟಾರ್ಚನ್ನು ನೇರವಾಗಿ ಹಿಡಿಯದೆ, ಬಾಗಿಲಿನ ಮೈಗೆ ಓರೆಯಾಗಿ ಹಿಡಿದು ನಡೆಯಿರಿ, ಡೆಂಟ್ ನೆರಳಾಗಿ ಕಾಣುತ್ತದೆ.

ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ ಚಾಲಕನಿಗೆ ಅಂದಾಜು ಸಿಗದ ಎಡಗಡೆಯೇ ಹೆಚ್ಚು ತಾಗುವುದು. ಎಡ ಮುಂದಿನ ಬಂಪರಿನ ಮೂಲೆ, ಎಡ ಹಿಂಬಾಗಿಲು, ಎಡ ರಿಮ್ಮಿನ ಅಂಚು, ಇಷ್ಟನ್ನು ಹತ್ತಿರದಿಂದ ತೆಗೆಯಲೇಬೇಕು. ಆಮೇಲೆ ಯಾರೂ ನೋಡದ ಜಾಗಗಳು: ಬಂಪರಿನ ಕೆಳತುಟಿ (ಫೋನನ್ನು ನೆಲದ ಮಟ್ಟಕ್ಕೆ ಇಳಿಸಿ), ಬಾಗಿಲ ಕೆಳಗಿನ ಪಟ್ಟಿ, ಸೈಡ್ ಮಿರರಿನ ಬೆನ್ನು, ಕಾರಿನ ಮಾಡು, ವೈಪರ್ ಕೂರುವ ಕಡೆ ಗಾಜಿನ ಕೆಳಅಂಚು. ಡಿಕ್ಕಿ ತೆಗೆದು ಸ್ಟೆಪ್ನಿ, ಜಾಕ್, ವೀಲ್ ಸ್ಪ್ಯಾನರ್ ಇವೆಯೇ ನೋಡಿ. ಜಾಕ್ ಕಾಣೆ ಎಂಬ ಬಿಲ್ಲೂ ಬರುವುದುಂಟು.

ಇದನ್ನೆಲ್ಲ ಒಂದೇ ಓಟದ ವಿಡಿಯೊದಲ್ಲಿ ಹಿಡಿಯುವುದು ಒಳ್ಳೆಯದು: ನಂಬರ್ ಪ್ಲೇಟಿನಿಂದ ಶುರು, ಒಂದು ಸುತ್ತು, ಒಳಗೆ ಓಡೋಮೀಟರ್ ಮತ್ತು ಪೆಟ್ರೋಲ್ ಮುಳ್ಳು, ಮತ್ತೆ ನಂಬರ್ ಪ್ಲೇಟಿಗೆ ಮುಕ್ತಾಯ. ನಡುವೆ ಕತ್ತರಿಸಿದ ವಿಡಿಯೊಗೆ ಬೆಲೆ ಕಡಿಮೆ. ವಾಪಸ್ ಕೊಡುವಾಗಲೂ ಇದನ್ನೇ ಮಾಡಿ, ಕೀ ಕೊಡುವ ಮೊದಲು. ಕಾರು ಪಾರ್ಕಿಂಗ್‌ನಲ್ಲಿ ಬಿಟ್ಟು ಆ್ಯಪಿನಲ್ಲೇ ಟ್ರಿಪ್ ಮುಗಿಸುವ ಪದ್ಧತಿಯಲ್ಲಿ ಇದು ಇನ್ನೂ ಮುಖ್ಯ. ನೀವು ಬಿಟ್ಟು ಹೋದ ಮೇಲೆ, ಅವರ ಹುಡುಗ ಬಂದು ನೋಡುವ ಮೊದಲು, ಪಕ್ಕದ ಕಾರಿನ ಬಾಗಿಲು ತಾಗಿದ್ದಕ್ಕೂ ನಿಮ್ಮ ಹೆಸರೇ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಸಮಯ, ಸ್ಥಳದ ಮಾಹಿತಿಯೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಮೂಲ ಫೈಲನ್ನು ಫೋನಿನಲ್ಲೇ ಉಳಿಸಿಕೊಳ್ಳಿ.

ಗೀರಿನ ವಯಸ್ಸು

ಅವರು ಕಳಿಸಿದ ಫೋಟೊವನ್ನು ಹಿಗ್ಗಿಸಿ ನೋಡಿದರೆ ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ. ಬಾಗಿಲು, ಫೆಂಡರುಗಳು ಸಾಮಾನ್ಯವಾಗಿ ಉಕ್ಕಿನ ಹಾಳೆ. ಬಣ್ಣ, ಪ್ರೈಮರ್ ಎರಡೂ ಹೋಗಿ ಲೋಹ ಬೆತ್ತಲಾದ ಜಾಗ ಹೊಸದಾಗಿದ್ದರೆ ಬೆಳ್ಳಗೆ ಹೊಳೆಯುತ್ತದೆ. ಮಳೆಯಲ್ಲಿ ಕೆಲವು ದಿನ ಕಳೆದರೆ ಅಂಚಿನಲ್ಲಿ ಕಂದು ಗೆರೆ ಹತ್ತುತ್ತದೆ. ಶನಿವಾರ ತೆಗೆದುಕೊಂಡು ಭಾನುವಾರ ಕೊಟ್ಟ ಕಾರಿನ ಬಾಗಿಲಲ್ಲಿ ಕಂದು ತುಕ್ಕು ಕೂತ ಗೀರು ಇದ್ದರೆ ಅದು ನಿಮ್ಮ ಟ್ರಿಪ್ಪಿನದಲ್ಲ. ಬಂಪರ್ ಪ್ಲಾಸ್ಟಿಕ್, ಅದಕ್ಕೆ ತುಕ್ಕು ಹಿಡಿಯದು. ಅಲ್ಲಿ ನೋಡಬೇಕಾದ್ದು ಗೀರಿನೊಳಗೆ ಕಪ್ಪಾಗಿ ಗಟ್ಟಿಯಾದ ಕೊಳೆ ಅಥವಾ ಒಣಗಿದ ಪಾಲಿಶಿನ ಬಿಳಿ ಪುಡಿ. ಅಂದರೆ ಗೀರು ಬಿದ್ದ ಮೇಲೆ ಒಮ್ಮೆಯಾದರೂ ಪಾಲಿಶ್ ಆಗಿದೆ.

ಇನ್ನೊಂದು ಬಗೆಯದು ಗೀರೇ ಅಲ್ಲ, ಬೇರೆ ವಾಹನದ್ದೋ ಗೋಡೆಯದ್ದೋ ಬಣ್ಣ ಅಂಟಿರುತ್ತದೆ. ಉಗುರು ಅಡ್ಡಲಾಗಿ ಎಳೆದಾಗ ಸಿಕ್ಕಿಕೊಳ್ಳದಿದ್ದರೆ ಅದು ಸಾಮಾನ್ಯವಾಗಿ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದರೆ ಹೋಗುವಂಥದ್ದು. ಉಗುರು ಸಿಕ್ಕಿಕೊಂಡರೆ ಪೇಂಟಿಂಗ್ ಬೇಕಾಗಬಹುದು. ಉಜ್ಜಿದರೆ ಹೋಗುವ ಗುರುತಿಗೆ ಪೂರ್ತಿ ಪ್ಯಾನಲ್ ಪೇಂಟಿಂಗ್ ದರ ಹಾಕುವುದು ತೀರಾ ಮಾಮೂಲು. ಕಾರು ಕೊಡುವಾಗಲೇ ಅವರ ಹುಡುಗನ ಎದುರು ಉಗುರು ಎಳೆದು ವಿಡಿಯೊ ಮಾಡಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯಿತು.

ಎಸ್ಟಿಮೇಟ್ ಓದುವುದು

ಒಂದು ಉದಾಹರಣೆ. ಸಣ್ಣ ಹ್ಯಾಚ್‌ಬ್ಯಾಕಿನ ಮುಂದಿನ ಬಂಪರಿಗೆ ಹೀಗೊಂದು ಎಸ್ಟಿಮೇಟ್ ಬಂದಿದೆ ಎಂದುಕೊಳ್ಳಿ: ಹೊಸ ಬಂಪರ್ 3,000, ಪೇಂಟಿಂಗ್ 4,500, ಬಿಚ್ಚಿ ಹಾಕುವ ಲೇಬರ್ 1,200. ಒಟ್ಟು 8,700, ಅದರ ಮೇಲೆ 18% ಜಿಎಸ್‌ಟಿ 1,566. ಕೇಳುತ್ತಿರುವುದು 10,266.

ಮೊದಲ ಪ್ರಶ್ನೆ, ಬಂಪರ್ ಬದಲಿಸಲೇಬೇಕಾ? ಕ್ಲಿಪ್ಪು ಕೂರುವ ಕಿವಿ ಮುರಿದಿದ್ದರೆ, ಅಥವಾ ಬಿರುಕು ಆರಪಾರವಾಗಿದ್ದರೆ ಬದಲಿಸುವುದು ಸರಿ. ಬರೀ ಗೀರಾದರೆ ಪೇಂಟಿಂಗ್ ಸಾಕು, ಆಗ ಲೆಕ್ಕ 4,500ಕ್ಕೆ 810 ಸೇರಿಸಿ 5,310ಕ್ಕೆ ಇಳಿಯುತ್ತದೆ. ಒಂದೇ ಪ್ರಶ್ನೆಗೆ ಹತ್ತಿರಹತ್ತಿರ ಅರ್ಧ ಮೊತ್ತ ಹೋಯಿತು. ಬದಲಿಸಿದ್ದೇವೆ ಎಂದರೆ ಹಳೆ ಬಂಪರಿನ ಫೋಟೊ ಕೇಳಿ, ಮುರಿದ ಕಿವಿ ಕಾಣುವ ಹಾಗೆ.

ಎರಡನೆಯದು ಸವಕಳಿ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಿಂದ (ವಾಹನ ವಿಮೆಯ ನಿಯಮಾವಳಿ) ಬಂದ ಡಿಪ್ರಿಸಿಯೇಷನ್, ಅಂದರೆ ಸವಕಳಿ ಪಟ್ಟಿ ಈಗಲೂ ವಿಮೆ ಪಾಲಿಸಿಗಳಲ್ಲಿ ಅಚ್ಚಾಗಿರುತ್ತದೆ: ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ 50%, ಫೈಬರ್‌ಗ್ಲಾಸಿಗೆ 30%, ಗಾಜಿಗೆ ಏನೂ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ: ಎರಡರಿಂದ ಮೂರು ವರ್ಷದ ಕಾರಿಗೆ 15%, ನಾಲ್ಕರಿಂದ ಐದಕ್ಕೆ 35%. ಪೇಂಟಿಂಗ್ ಬಿಲ್ಲಿನಲ್ಲಿ ಸಾಮಗ್ರಿಯ ಪಾಲನ್ನು 25% ಎಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ. ಮೇಲಿನ ಎಸ್ಟಿಮೇಟಿಗೆ ಇದನ್ನು ಹಚ್ಚಿದರೆ ಬಂಪರಿಗೆ 1,500, ಪೇಂಟಿಂಗಿಗೆ 3,937, ಲೇಬರಿಗೆ 1,200. ಜಿಎಸ್‌ಟಿ ಸೇರಿ ಸುಮಾರು 7,830. ಇದು ವಿಮೆಯ ಲೆಕ್ಕ, ಬಾಡಿಗೆ ಕರಾರಿಗೆ ನೇರವಾಗಿ ಅನ್ವಯಿಸುವುದಿಲ್ಲ, ಅದನ್ನು ಅವರೂ ಹೇಳುತ್ತಾರೆ. ಆದರೆ ನಾಲ್ಕು ವರ್ಷ ಓಡಿದ ಬಂಪರಿಗೆ ಹೊಸ ಬಂಪರಿನ ದುಡ್ಡು ಪಡೆಯುವುದು ನಷ್ಟ ತುಂಬಿಸಿಕೊಳ್ಳುವುದಲ್ಲ, ಲಾಭ ಮಾಡುವುದು. ಹಾಗೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಜಿಎಸ್‌ಟಿ ಸಾಲನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆ 18%. ಆಮೇಲಿನ ದಿನಾಂಕದ ಎಸ್ಟಿಮೇಟಿನಲ್ಲಿ 28% ಕಂಡರೆ ಯಾವುದೋ ಹಳೆ ಹಾಳೆಯ ಮೇಲೆ ಹೊಸ ದಿನಾಂಕ ಬಿದ್ದಿದೆ ಎಂದರ್ಥ.

ವಿಮೆ ಕ್ಲೇಮ್ ಮಾಡಿದ್ದೀರಾ ಎಂದು ಕೇಳಿ, ಮಾಡಿದ್ದರೆ ಕ್ಲೇಮ್ ನಂಬರ್ ಕೇಳಿ. ಸಣ್ಣಪುಟ್ಟದಕ್ಕೆ ಮಾಲೀಕರು ಸಾಮಾನ್ಯವಾಗಿ ಕ್ಲೇಮ್ ಮಾಡುವುದಿಲ್ಲ, ಮಾಡಿದರೆ ವಿಮೆ ಕಂತಿನಲ್ಲಿ 20ರಿಂದ 50% ತನಕ ರಿಯಾಯಿತಿಯಾಗಿ ಸಿಗುವ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಆದರೆ ಕ್ಲೇಮ್ ಮಾಡಿ ವಿಮೆಯವರಿಂದ ಬಂದ ದುಡ್ಡನ್ನೇ ಮತ್ತೆ ನಿಮ್ಮಿಂದಲೂ ಕೇಳುವಂತಿಲ್ಲ. ಆಗ ಅವರ ಕೈಯಿಂದ ಹೋದದ್ದು ಕಡ್ಡಾಯ ಕಡಿತ (ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಹೊರುವ ಮೊತ್ತ), ಸವಕಳಿಯ ಪಾಲು ಮತ್ತು ಆ ಬೋನಸ್ ಮಾತ್ರ.

ಕ್ಲಚ್, ಟೈರ್, ಚೇಂಬರ್

ದೊಡ್ಡ ಮೊತ್ತದ ಜಗಳ ಇರುವುದು ಇಲ್ಲಿ. ನಂದಿ ಬೆಟ್ಟ, ಮುಳ್ಳಯ್ಯನಗಿರಿ, ಕೊಡಗಿನ ಕಡೆ ಹೋಗಿ ಬಂದ ಕಾರಿನಲ್ಲಿ "ಕ್ಲಚ್ ಸುಟ್ಟಿದೆ" ಎಂದರೆ ಕೇಳಿದವರು ಮರುಮಾತಿಲ್ಲದೆ ನಂಬುತ್ತಾರೆ. ಏರಿನ ಟ್ರಾಫಿಕ್ಕಿನಲ್ಲಿ ಕ್ಲಚ್ ಮೇಲೆಯೇ ಕಾರು ನಿಲ್ಲಿಸಿಕೊಂಡರೆ ಒಂದೇ ದಿನದಲ್ಲಿ ಸುಡುವುದು ನಿಜ. ಆದರೆ ಸುಟ್ಟ ಕ್ಲಚ್ಚೂ ಸವೆದ ಕ್ಲಚ್ಚೂ ಬಿಚ್ಚಿದಾಗ ಬೇರೆ ಬೇರೆ ಕಾಣುತ್ತವೆ. ಪ್ಲೇಟಿನ ಲೈನಿಂಗ್ ಇನ್ನೂ ದಪ್ಪ ಇದ್ದು, ಪ್ರೆಷರ್ ಪ್ಲೇಟ್ ಮತ್ತು ಫ್ಲೈವೀಲ್ ಮೇಲೆ ನೀಲಿ ಕಲೆಗಳಿದ್ದರೆ ಅದು ಈಚೆಗೆ ಸುಟ್ಟದ್ದು. ಲೈನಿಂಗ್ ಸಮನಾಗಿ ಸವೆದು ರಿವೆಟ್ಟಿನ ತಲೆಗೆ ಬಂದಿದ್ದರೆ ಅದು ಸಾವಿರಾರು ಕಿಲೋಮೀಟರಿನ ಸವೆತ, ನಿಮಗಿಂತ ಮೊದಲು ಓಡಿಸಿದವರೆಲ್ಲರ ಪಾಲೂ ಅದರಲ್ಲಿದೆ. ಪ್ಲೇಟಿನ ಎರಡೂ ಮುಖ, ಫ್ಲೈವೀಲ್, ಓಡೋಮೀಟರ್ ಇವುಗಳ ಫೋಟೊ ಕೇಳಿ. ಹಿಂದಿನ ಸಲ ಕ್ಲಚ್ ಯಾವಾಗ ಬದಲಾಯಿತು ಎಂಬ ಸರ್ವಿಸ್ ದಾಖಲೆಯನ್ನೂ ಕೇಳಿ.

ಟೈರಿನ ಪಕ್ಕದ ಗೋಡೆ ಉಬ್ಬಿದ್ದರೆ ಅದು ಗುಂಡಿಗೆ ಬಿದ್ದ ಪೆಟ್ಟು, ಅದನ್ನು ಮಾಮೂಲಿ ಸವೆತ ಎನ್ನಲಾಗದು. ಆದರೂ ಬೆಲೆ ಹೊಸ ಟೈರಿನದಾಗಬಾರದು. ಟೈರಿನ ಮೇಲಿನ ನಾಲ್ಕಂಕಿ ತಯಾರಾದ ವಾರ, ವರ್ಷ ಹೇಳುತ್ತದೆ: 2322 ಎಂದರೆ 2022ರ 23ನೇ ವಾರ. ಗ್ರಿಪ್ಪು 1.6 ಮಿಲಿಮೀಟರಿಗೆ ಬಂದರೆ ಟೈರ್ ಹೇಗೂ ಬದಲಿಸಲೇಬೇಕು. 3 ಮಿಲಿಮೀಟರ್ ಉಳಿದಿದ್ದ ಟೈರಿಗೆ ಪೂರ್ತಿ ಬೆಲೆ ಕೇಳಿದರೆ ಉಳಿದಿದ್ದ ಆಯುಷ್ಯಕ್ಕೆ ತಕ್ಕಷ್ಟು ಕೊಡುತ್ತೇನೆ ಎನ್ನಿ. ಚೇಂಬರ್ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆ) ವಿಷಯದಲ್ಲಿ ಮಾತ್ರ ಗ್ರಾಹಕರೇ ಕೆಡಿಸಿಕೊಳ್ಳುತ್ತಾರೆ. ಹಂಪ್ಸಿಗೆ ತಾಗಿ ಆಯಿಲ್ ಸೋರುತ್ತಿರುವಾಗಲೂ ಓಡಿಸಿ ಎಂಜಿನ್ ಹಿಡಿದರೆ ಬುಕಿಂಗಿನ ಜೊತೆ ಡ್ಯಾಮೇಜ್ ಪ್ರೊಟೆಕ್ಷನ್‌ಗೆ ದುಡ್ಡು ಕಟ್ಟಿದ್ದರೂ ಅದು ಕೈಕೊಡುವ ಸಂಭವ ಹೆಚ್ಚು. ಆಯಿಲ್ ಲೈಟ್ ಹತ್ತಿದರೆ ಅಲ್ಲೇ ನಿಲ್ಲಿಸಿ, ಫೋನ್ ಮಾಡಿ, ಕರೆ ಮಾಡಿದ ಸಮಯದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕಾರು ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ಸೇರಿಸಿದ್ದರೆ ಕೆಲಸ ಸುಲಭ. ಗ್ಯಾರೇಜಿಗೆ ಬಿಟ್ಟ ಮತ್ತು ವಾಪಸ್ ಪಡೆದ ದಿನಾಂಕದ ಜಾಬ್ ಕಾರ್ಡ್ ಕೇಳಿ. ಅದೇ ಕಾರು ಮರುದಿನವೇ ಆ್ಯಪಿನಲ್ಲಿ ಬುಕಿಂಗಿಗೆ ಸಿಗುತ್ತಿದೆಯೇ ನೋಡಿ, ಸಿಕ್ಕರೆ ಸ್ಕ್ರೀನ್‌ಶಾಟ್.

ಬರೆಯುವುದು, ದೂರು ಕೊಡುವುದು

ಚಾಟಿನಲ್ಲಿ ವಾದ ಮಾಡಬೇಡಿ, ಇಮೇಲ್ ಕಳಿಸಿ. ವಿಷಯ ಇಷ್ಟೇ ಇರಲಿ: "ಬುಕಿಂಗ್ ನಂಬರ್ ಇಂಥದ್ದು. ನೀವು ಹೇಳುವ ಡ್ಯಾಮೇಜನ್ನು ಒಪ್ಪಿಲ್ಲ. ನನಗಿಂತ ಹಿಂದಿನ ಗ್ರಾಹಕರು ವಾಪಸ್ ಕೊಟ್ಟಾಗಿನ ಫೋಟೊ, ನನ್ನ ಟ್ರಿಪ್ ಮುಗಿದಾಗಿನ ಫೋಟೊ, ಗ್ಯಾರೇಜಿನ ಜಿಎಸ್‌ಟಿ ಬಿಲ್, ಹಣ ಕೊಟ್ಟ ರಸೀದಿ, ವಿಮೆ ಕ್ಲೇಮ್ ವಿವರ ಕಳಿಸಿ. ಅಲ್ಲಿಯವರೆಗೆ ಡಿಪಾಸಿಟ್‌ನಿಂದ ಕಡಿತ ಮಾಡಬೇಡಿ." ಹಿಂದಿನ ಗ್ರಾಹಕರ ಫೋಟೊ ಕೇಳಿದಾಗ ಎಷ್ಟೋ ಬಿಲ್ಲುಗಳು ತಣ್ಣಗಾಗುತ್ತವೆ, ಒಂದೇ ಗೀರಿಗೆ ಇಬ್ಬರಿಂದ ವಸೂಲಿ ಆಗಿದ್ದರೆ ಸಿಕ್ಕಿಬೀಳುವುದು ಅಲ್ಲೇ.

ಆ್ಯಪ್ ಮೂಲಕ ಬುಕ್ ಮಾಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಕಾರು ಹೋಸ್ಟಿನದು (ಆ್ಯಪಿಗೆ ಕಾರು ಬಿಟ್ಟ ಮಾಲೀಕರದು), ನಾವು ಮಧ್ಯವರ್ತಿ ಮಾತ್ರ ಎಂದು ಜಾರಿಕೊಂಡರೆ ಇಬ್ಬರ ಹೆಸರನ್ನೂ ದೂರಿನಲ್ಲಿ ಬರೆಯಿರಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದ ತನಕ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹಾಕಬೇಕು. ಕಂಪನಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು. ಕರಾರಿನಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ತೀರ್ಮಾನ) ಎಂದು ಬರೆದಿದ್ದರೂ ಗ್ರಾಹಕ ಆಯೋಗದ ದಾರಿ ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ದೂರಿನಲ್ಲಿ "ಸೇವಾ ನ್ಯೂನತೆ", "ಅನುಚಿತ ವ್ಯಾಪಾರ ಪದ್ಧತಿ" ಎಂದು ಬರೆಯಿರಿ. ಕರಾರೇ ಅನ್ಯಾಯದ್ದು ಎಂಬುದನ್ನೇ ಮುಖ್ಯ ದೂರು ಮಾಡಿದರೆ ಅದು ರಾಜ್ಯ ಆಯೋಗಕ್ಕೆ ಹೋಗಬೇಕಾಗುತ್ತದೆ. "ಡ್ಯಾಮೇಜಿಗೆ ಇಂತಿಷ್ಟು" ಎಂದು ಕರಾರಿನಲ್ಲಿ ಮೊದಲೇ ಬರೆದಿದ್ದೇವಲ್ಲ ಎಂದರೆ ಕರಾರು ಕಾಯ್ದೆಯ 74ನೇ ಕಲಮು ನೆನಪಿಸಿ: ಬರೆದ ಮೊತ್ತ ಗರಿಷ್ಠ ಮಿತಿ, ಸಿಗುವುದು ಅದರೊಳಗಿನ ಸಮಂಜಸ ಪರಿಹಾರ. ನಷ್ಟ ಲೆಕ್ಕ ಹಾಕಿ ತೋರಿಸಲು ಸಾಧ್ಯವಿರುವ ಕಡೆ ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ 2015ರ ಕೈಲಾಶ್ ನಾಥ್ ತೀರ್ಪು ಹೇಳುತ್ತದೆ. ಬಂಪರಿನ ರಿಪೇರಿಗೆ ಲೆಕ್ಕ ಸಿಗುವುದಿಲ್ಲ ಎಂದು ಯಾರೂ ಹೇಳಲಾರರು.

ಇಷ್ಟೆಲ್ಲ ಅನ್ವಯಿಸುವುದು ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿರುವ ಕಾರಿಗೆ. ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಕೊಡುವವರ ಕಥೆ ಬೇರೆ. ಖಾಸಗಿ ಪಾಲಿಸಿ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ, ಅಪಘಾತವಾದರೆ ವಿಮೆ ಕೈ ಎತ್ತುತ್ತದೆ, ಪೂರ್ತಿ ಖರ್ಚು ನಿಮ್ಮ ತಲೆಗೆ. ಅಡವಾಗಿ ನಿಮ್ಮ ಬೈಕು, ಮೂಲ ಡಿಎಲ್ ಇಟ್ಟುಕೊಂಡಿರುತ್ತಾರೆ, ಚೌಕಾಸಿಗೆ ನಿಮ್ಮ ಕೈಲಿ ಏನೂ ಉಳಿದಿರುವುದಿಲ್ಲ. ಮೂಲ ದಾಖಲೆ ಕೇಳಿದರೆ ಆ ಕಾರು ಬೇಡ.

ಅಮೆರಿಕ, ಯುರೋಪಿನಲ್ಲಿ ಕಾರು ತೆಗೆದುಕೊಂಡವರಿಗೆ ಒಂದು ಮಾತು. ಇಲ್ಲಿ ಕಾರ್ಡಿನಿಂದ ದುಡ್ಡು ಎಳೆಯಲು ಒಟಿಪಿ ಬೇಕು, ಅಲ್ಲಿನ ಕಂಪನಿ ನೀವು ಊರಿಗೆ ಬಂದ ಮೇಲೂ ಒಟಿಪಿ ಇಲ್ಲದೆ ಎಳೆಯಬಹುದು. ಮೊದಲು ಕಂಪನಿಗೆ ಮೇಲಿನ ಇಮೇಲನ್ನೇ ಕಳಿಸಿ, ಉತ್ತರ ಬರದಿದ್ದರೆ ಅಥವಾ ಬಿಲ್ ಕೊಡದಿದ್ದರೆ ಅದೇ ಇಮೇಲ್, ವಾಪಸ್ ಕೊಟ್ಟ ರಸೀದಿ, ವಿಡಿಯೊ ಸೇರಿಸಿ ನಿಮ್ಮ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕಾರ್ಡಿನಿಂದ ಹೋದ ದುಡ್ಡು ವಾಪಸ್ ಕೇಳುವ ಅರ್ಜಿ) ಹಾಕಿ. ಕಾರ್ಡ್ ನೆಟ್‌ವರ್ಕ್‌ಗಳ ಗಡುವು ಸಾಮಾನ್ಯವಾಗಿ 120 ದಿನ, ಕೆಲವು ಬ್ಯಾಂಕುಗಳು ಅದಕ್ಕಿಂತ ಮೊದಲೇ ಕೇಳುತ್ತವೆ. ಹಾಗಾಗಿ ಸ್ಟೇಟ್‌ಮೆಂಟ್ ಬಂದ ವಾರದಲ್ಲೇ ಫಾರ್ಮ್ ತುಂಬಿ.