ಹನಿ ಹಾಕುವ ಮೊದಲು ಪಾಪೆ ನೋಡಿ

ಥೈರಾಯಿಡ್ ರಿಪೋರ್ಟ್ ನಾರ್ಮಲ್ ಇದೆ ಎಂಬ ಒಂದೇ ಕಾರಣಕ್ಕೆ ಥೈರಾಯಿಡ್ ಕಾಯಿಲೆಯ ಜೊತೆ ಬರುವ ಕಣ್ಣಿನ ತೊಂದರೆಯನ್ನು ಅಲರ್ಜಿ ಎಂದು ಬರೆದು ಕಳುಹಿಸಿದ ಚೀಟಿಗಳನ್ನು ಹಾಸನದ ನಮ್ಮ ಓಪಿಡಿಯಲ್ಲಿ ನಾನು ಮತ್ತೆ ಮತ್ತೆ ನೋಡುತ್ತೇನೆ. ಅಂಥ ಒಬ್ಬ ರೋಗಿಯ ವಿಷಯ ನೆನೆದರೆ ದೃಷ್ಟಿ ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್ ಆದ ನನಗೆ ಇಂದಿಗೂ ಸಂಕಟವಾಗುತ್ತದೆ.

ಅವರು ಸಕಲೇಶಪುರ ಕಡೆಯ ಕಾಫಿ ತೋಟವೊಂದರ ರೈಟರು. ವಯಸ್ಸು ಐವತ್ತರ ಮೇಲೆ, ಬೀಡಿಯ ಅಭ್ಯಾಸ ಬೇರೆ. ಕಣ್ಣು ಕೆಂಪಾಗಿ, ರೆಪ್ಪೆ ಊದಿ, ನೀರು ಸುರಿಯುತ್ತಿತ್ತು. ಬೇರೊಂದು ಕಡೆ ಕೊಟ್ಟ ಅಲರ್ಜಿ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡಿದ್ದರು. “ಮಾತ್ರೆ ತಗೊಂಡು ಥೈರಾಯಿಡ್ ನಾರ್ಮಲ್ ಆಗೈತೆ ಮೇಡಂ, ಅದಕ್ಕೂ ಕಣ್ಣಿಗೂ ಸಂಬಂಧ ಇಲ್ವಂತೆ,” ಎಂದರು.

ಕಾಯುವ ಹೊತ್ತನ್ನು ಇಳಿಸಲೆಂದು ನಮ್ಮ ಆಡಳಿತದವರು ನಲವತ್ತು ದಾಟಿದವರಿಗೆಲ್ಲ ಚೀಟಿ ಮಾಡಿಸಿದ ಕೂಡಲೇ ಪಾಪೆ ಹಿಗ್ಗಿಸುವ ಹನಿ ಹಾಕಿ ಕೂರಿಸುವ ಪದ್ಧತಿ ತಂದಿದ್ದರು. ಸಿಸ್ಟರ್ ಬಾಟಲಿಯ ಮುಚ್ಚಳ ತೆಗೆದು ರೋಗಿಯ ತಲೆ ಹಿಂದಕ್ಕೆ ಬಾಗಿಸಿಯೂ ಆಗಿತ್ತು. ಮೇಲ್ರೆಪ್ಪೆ ಮೇಲಕ್ಕೆ ಸರಿದು ಕರಿಗುಡ್ಡೆಯ ಮೇಲೂ ಬಿಳಿ ಕಾಣುತ್ತಿದ್ದುದು ಆಗ ನನ್ನ ಕಣ್ಣಿಗೆ ಬಿತ್ತು. “ಸಿಸ್ಟರ್, ತಡೀರಿ,” ಎಂದು ಟಾರ್ಚ್ ತೆಗೆದುಕೊಂಡೆ. ಬೆಳಕನ್ನು ಬಲಗಣ್ಣಿನಿಂದ ಎಡಗಣ್ಣಿಗೆ ತಂದಾಗ ಪಾಪೆ ಕುಗ್ಗುವ ಬದಲು ನಿಧಾನವಾಗಿ ಹಿಗ್ಗಿತು. ಸಂದೇಹ ಉಳಿಯದಿರಲೆಂದು ಇನ್ನೊಮ್ಮೆ ನೋಡಿದೆ; ಮತ್ತೆ ಹಿಗ್ಗಿತು. ಸಿಸ್ಟರ್ ಕೈಯಲ್ಲಿದ್ದ ಕೆಂಪು ಮುಚ್ಚಳವನ್ನೇ ಒಂದೊಂದು ಕಣ್ಣಿಗೂ ಹಿಡಿದೆ. ಬಲಗಣ್ಣಿಗೆ ಅದು ಕೆಂಪಾಗಿಯೇ ಕಂಡಿತು, ಎಡಗಣ್ಣಿಗೆ ಮಾಸಿದ ಇಟ್ಟಿಗೆಯ ಬಣ್ಣ. ಅದೇ ಎಡಗಣ್ಣು ಚಾರ್ಟಿನಲ್ಲಿ 6/9, ಅಂದರೆ ಬಹುತೇಕ ಸರಿಯಾಗಿಯೇ, ಓದುತ್ತಿತ್ತು. ಬಣ್ಣದ ದೃಷ್ಟಿ ಪರೀಕ್ಷಿಸುವ ಇಶಿಹಾರ ಪುಸ್ತಕ ತೆರೆದಾಗ ಹೆಚ್ಚಿನ ಪುಟಗಳ ಅಂಕಿ ಆ ಕಣ್ಣಿಗೆ ಕಾಣಲಿಲ್ಲ. ಆ ಹನಿ ಬಿದ್ದಿದ್ದರೆ ಎರಡೂ ಪಾಪೆಗಳು ಹಿಗ್ಗಿ ನಿಂತು, ದೃಷ್ಟಿನರ ಒತ್ತಡಕ್ಕೆ ಸಿಲುಕಿದೆ ಎಂಬ ಮುಖ್ಯ ಸುಳಿವು ಆ ದಿನಕ್ಕೆ ಅಳಿಸಿಹೋಗುತ್ತಿತ್ತು.

ಈ ಕಾಯಿಲೆಯನ್ನು ನಡೆಸುವುದು ಹಾರ್ಮೋನಿನ ಮಟ್ಟವೊಂದೇ ಅಲ್ಲ, ರೋಗನಿರೋಧಕ ಕೋಶಗಳು. ಥೈರಾಯಿಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯಲ್ಲಿ ಬಿ ಕೋಶಗಳ ವಂಶದಿಂದ ಥೈರಾಯಿಡ್‌ಗೆ ಕೆಲಸ ಹೇಳುವ ಟಿಎಸ್‌ಎಚ್ ಹಾರ್ಮೋನನ್ನು ಹಿಡಿಯುವ ಗ್ರಾಹಕದ ವಿರುದ್ಧ ಪ್ರತಿಕಾಯಗಳು ತಯಾರಾಗುತ್ತವೆ. ಆ ಗ್ರಾಹಕ ಗ್ರಂಥಿಯಲ್ಲಷ್ಟೇ ಇಲ್ಲ. ಕಣ್ಣಿನ ಹಿಂದಿರುವ ಕೊಬ್ಬು ಮತ್ತು ಸ್ನಾಯುಗಳಲ್ಲಿ ನಾರಿನ ಅಂಗಾಂಶ ಕಟ್ಟುವ ಫೈಬ್ರೋಬ್ಲಾಸ್ಟ್ ಕೋಶಗಳ ಮೇಲೂ, ಬೆಳವಣಿಗೆಯ ಸಂಕೇತ ಹಿಡಿಯುವ ಐಜಿಎಫ್-1 ಗ್ರಾಹಕದ ಜೊತೆಗೂಡಿ ಇರುತ್ತದೆ. ಅಲ್ಲಿಗೆ ನುಗ್ಗುವ ಟಿ ಕೋಶಗಳು ಸಿಡಿ40 ಎಂಬ ಕೋಶದ ಮೇಲ್ಮೈ ಪ್ರೋಟೀನಿನ ಮೂಲಕ ಫೈಬ್ರೋಬ್ಲಾಸ್ಟ್‌ಗಳನ್ನು ಕೆರಳಿಸಿ, ಇಂಟರ್‌ಫೆರಾನ್ ಗಾಮಾದಂಥ ಸೈಟೊಕೈನ್‌ಗಳನ್ನು, ಅಂದರೆ ಕೋಶಗಳ ನಡುವಿನ ಸಂದೇಶ ಪ್ರೋಟೀನುಗಳನ್ನು, ಸುರಿಸುತ್ತವೆ. ಕೆರಳಿದ ಫೈಬ್ರೋಬ್ಲಾಸ್ಟ್‌ಗಳು ಐಎಲ್-6 ಎಂಬ ಇನ್ನೊಂದು ಸೈಟೊಕೈನ್ ಹೊರಬಿಟ್ಟು ಉರಿಯೂತವನ್ನು ಹೆಚ್ಚಿಸುತ್ತವೆ, ಕೆಲವು ಕೊಬ್ಬಿನ ಕೋಶಗಳಾಗುತ್ತವೆ, ಇನ್ನು ಕೆಲವು ಹಯಲುರೊನಾನ್ ಎಂಬ ಜೆಲ್ಲಿಯಂಥ ವಸ್ತುವನ್ನು ತಯಾರಿಸುತ್ತವೆ. ಅದು ನೆನೆಹಾಕಿದ ಸಬ್ಬಕ್ಕಿಯಂತೆ ನೀರು ಹೀರಿ ಉಬ್ಬುತ್ತದೆ. ಸುತ್ತಲಿನ ಮೂಳೆ ಜಾಗ ಬಿಡುವುದಿಲ್ಲ. ಊದಿದ ಸ್ನಾಯುಗಳು ಕಣ್ಣುಗೂಡಿನ ಹಿಂತುದಿಯಲ್ಲಿ ದೃಷ್ಟಿನರವನ್ನು ಅಮುಕುತ್ತವೆ. ಮಾತ್ರೆ ರಕ್ತದಲ್ಲಿನ ಹಾರ್ಮೋನನ್ನು ಹತೋಟಿಗೆ ತಂದರೂ ಕಣ್ಣಿನ ಹಿಂದೆ ಸೇರಿಕೊಂಡ ಈ ಕೋಶಗಳ ಗದ್ದಲ ಅಷ್ಟಕ್ಕೇ ನಿಲ್ಲುವುದಿಲ್ಲ. ಧೂಮಪಾನವಂತೂ ಅದನ್ನು ಇನ್ನಷ್ಟು ಉಲ್ಬಣಗೊಳಿಸುತ್ತದೆ.

ಕಣ್ಣಿನ ಉಬ್ಬು ಅಳೆಯುವ ಹರ್ಟೆಲ್ ಉಪಕರಣದಲ್ಲಿ ರೈಟರ ಕಣ್ಣು ಹೆಚ್ಚೇನೂ ಮುಂದೆ ಬಂದಿರಲಿಲ್ಲ, ಅದೇ ಎಲ್ಲರನ್ನೂ ದಾರಿ ತಪ್ಪಿಸಿತ್ತು. ಮುಂದಕ್ಕೆ ಚಾಚಲಾಗದ ಕಣ್ಣಿನ ಹಿಂದೆಯೇ ಒತ್ತಡ ಹೆಚ್ಚಿರಬಹುದೆಂಬುದನ್ನು ಓಪಿಡಿಯಲ್ಲಿ ಕೂರುವ ಪ್ರತಿಯೊಬ್ಬರೂ ತಿಳಿದಿರಬೇಕು. ಅಂದೇ ಸಿಟಿ ಸ್ಕ್ಯಾನ್ ಆಯಿತು, ಸ್ನಾಯುಗಳು ದಪ್ಪಗಾಗಿ ನರಕ್ಕೆ ಒತ್ತಿಕೊಂಡಿದ್ದವು. ಡಾಕ್ಟರ್ ಬೆಂಗಳೂರಿಗೆ ಫೋನ್ ಮಾಡಿ ಕಳುಹಿಸಿದರು, ಅಲ್ಲಿ ಸಕ್ಕರೆ ಮತ್ತು ಲಿವರ್ ಪರೀಕ್ಷೆ ಮುಗಿಸಿ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಅನ್ನು ರಕ್ತನಾಳದ ಮೂಲಕ ಕೊಟ್ಟರು. ಐಜಿಎಫ್-1 ಗ್ರಾಹಕವನ್ನೇ ತಡೆಯುವ ಟೆಪ್ರೊಟುಮುಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2020ರಲ್ಲೇ ಮಂಜೂರಾತಿ ಸಿಕ್ಕಿದೆ, ಆದರೆ ಅದರ ಬೆಲೆ ತೋಟದ ರೈಟರೊಬ್ಬರ ಕೈಗೆಟುಕುವಂಥದ್ದಲ್ಲ.

ಪಾಪೆ ನೋಡಲು ಅರ್ಧ ನಿಮಿಷ ಸಾಕು. ಹನಿಗಿಂತ ಮೊದಲು ಪಾಪೆ ಮತ್ತು ಬಣ್ಣ ಎಂದು ಕೇಸ್ ಶೀಟಿನಲ್ಲಿ ಒಂದು ಕಾಲಂ ಅಚ್ಚು ಹಾಕಿಸಿ ಎಂದು ಬರೆದುಕೊಟ್ಟೆ. ಮೀಟಿಂಗಿನಲ್ಲಿ ಚರ್ಚೆಯಾದದ್ದು ಕಾಯುವ ಸಮಯದ ಪಟ್ಟಿ ಮಾತ್ರ.

ರೈಟರಿಗೆ ಈಗ ಎಡಗಣ್ಣಿನ ಬಣ್ಣ ಬಹುಮಟ್ಟಿಗೆ ಮರಳಿದೆ. ಉರಿಯೂತ ಇಳಿದರೂ ಸ್ನಾಯುವಿನಲ್ಲಿ ಗಾಯದ ನಾರು ಉಳಿದಿರುವುದರಿಂದ ಮೇಲೆ ನೋಡಿದರೆ ಒಂದು ಎರಡಾಗಿ ಕಾಣುತ್ತದೆ. ಸದ್ಯಕ್ಕೆ ಎರಡು ಬಿಂಬಗಳನ್ನು ಒಂದಾಗಿಸುವ ಪ್ರಿಸಂ ಅನ್ನು ಕನ್ನಡಕಕ್ಕೆ ಅಂಟಿಸಿಕೊಟ್ಟಿದ್ದೇನೆ. ಕಾಯಿಲೆ ಆರು ತಿಂಗಳಾದರೂ ತಟಸ್ಥವಾಗಿ ನಿಂತ ಮೇಲಷ್ಟೇ ಸ್ನಾಯುವಿನ ಶಸ್ತ್ರಚಿಕಿತ್ಸೆಯ ಮಾತು.