ಕ್ಯೂ ಗಾರ್ಡನ್ಸ್‌ನಲ್ಲಿ ಬೇಸಿಗೆಯ ಒಂದು ದಿನ: ಯಾವ ಹೊತ್ತಿಗೆ ಏನು ನೋಡಬೇಕು

ಲಂಡನ್ನಿನ ಕ್ಯೂ ಗಾರ್ಡನ್ಸ್ ಸುಮಾರು 320 ಎಕರೆಯ ತೋಟ. ನಕ್ಷೆಯಲ್ಲಿ ಪಕ್ಕಪಕ್ಕ ಕಾಣುವ ಎರಡು ಜಾಗಗಳ ನಡುವೆ ಕಾಲು ಗಂಟೆ ನಡಿಗೆ ಇರುತ್ತದೆ. ಒಂದೇ ದಿನದಲ್ಲಿ ಪೂರ್ತಿ ನೋಡಿ ಮುಗಿಸುವ ಹಟ ಬೇಡ. ಜೂನ್, ಜುಲೈನಲ್ಲಿ ಹೋಗುವವರು ಹೊತ್ತು ನೋಡಿಕೊಂಡು ದಾರಿ ಹಾಕಿಕೊಂಡರೆ ಅರ್ಧ ದಣಿವು ತಪ್ಪುತ್ತದೆ. ಎಷ್ಟೋ ಜನ ಬೆಳಿಗ್ಗೆಯ ತಂಪಿನಲ್ಲಿ ಹುಲ್ಲಿನ ಮೇಲೆ ಅಡ್ಡಾಡಿ, ಮಧ್ಯಾಹ್ನ ಬಿಸಿಲೇರಿದ ಮೇಲೆ ಗಾಜಿನ ಮನೆ ಹೊಕ್ಕು ಐದೇ ನಿಮಿಷದಲ್ಲಿ ಬೆವೆತು ಹೊರಗೆ ಬರುತ್ತಾರೆ.

ಮೊದಲು ರೈಲಿನ ವಿಷಯ. ಲಂಡನ್ ಮೆಟ್ರೊದ ಡಿಸ್ಟ್ರಿಕ್ಟ್ ಲೈನ್ ಹಲವು ಕವಲುಗಳ ಮಾರ್ಗ. ಕ್ಯೂಗೆ ಹೋಗುವುದು ರಿಚ್ಮಂಡ್ ರೈಲು ಮಾತ್ರ. ಗೊತ್ತಿಲ್ಲದೆ ಈಲಿಂಗ್ ಬ್ರಾಡ್‌ವೇ ರೈಲು ಹತ್ತಿದ್ದರೆ ಗಾಬರಿ ಬೇಡ, ಟರ್ನಮ್ ಗ್ರೀನ್‌ನಲ್ಲಿ ಇಳಿದು ಹಿಂದೆ ಬರುವ ರಿಚ್ಮಂಡ್ ರೈಲಿಗೆ ಬದಲಾಯಿಸಿದರಾಯಿತು. ವಿಂಬಲ್ಡನ್ ರೈಲು ಹತ್ತಿದವರು ಅರ್ಲ್ಸ್ ಕೋರ್ಟ್‌ನಲ್ಲೇ ಇಳಿಯಬೇಕು, ಅಲ್ಲಿಂದ ಮುಂದೆ ದಾರಿ ಬೇರೆ. ಟಿಕೆಟ್ಟಿನ ಬದಲು ನಿಲ್ದಾಣದ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ಮುಟ್ಟಿಸಿ ಹತ್ತಿದವರು ಇಳಿದಾಗಲೂ ಅದೇ ಕಾರ್ಡ್ ಮುಟ್ಟಿಸಬೇಕು. ಹತ್ತುವಾಗ ಫೋನ್, ಇಳಿಯುವಾಗ ಕಾರ್ಡ್ ಎಂದಾದರೆ ಯಂತ್ರಕ್ಕೆ ಅವು ಇಬ್ಬರು ಬೇರೆ ಪ್ರಯಾಣಿಕರು. ಎರಡೂ ಅರ್ಧ ಪ್ರಯಾಣಗಳಿಗೆ ಗರಿಷ್ಠ ದರ ಹಿಡಿಯುತ್ತದೆ. ಕ್ಯೂ ಗಾರ್ಡನ್ಸ್ ನಿಲ್ದಾಣದಿಂದ ಲಿಚ್‌ಫೀಲ್ಡ್ ರಸ್ತೆಯಲ್ಲಿ ನೇರ ಅರ್ಧ ಕಿಲೋಮೀಟರ್ ನಡೆದರೆ ವಿಕ್ಟೋರಿಯಾ ಗೇಟ್.

ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಂಡರೆ ಗೇಟಿನ ದರಕ್ಕಿಂತ ಕಡಿಮೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಇನ್ನು ಬಿಸಿಲಿನ ಲೆಕ್ಕ. ಬ್ರಿಟನ್ನಿನಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಹಾಗಾಗಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಒಂದು ಗಂಟೆಗೆ, ನಿಜವಾದ ಸೆಕೆ ಮೂರರಿಂದ ಐದರವರೆಗೆ. ಹನ್ನೆರಡು ದಾಟಿತು, ಇನ್ನು ಇಳಿಬಿಸಿಲು ಎಂದುಕೊಂಡು ನೆರಳಿಲ್ಲದ ದಾರಿ ಹಿಡಿದವರು ಮೋಸಹೋಗುತ್ತಾರೆ. ಕತ್ತಲಾಗುವುದು ಒಂಬತ್ತರ ಮೇಲೆ. ಸಂಜೆಯ ಹೊತ್ತು ಧಾರಾಳವಾಗಿ ಸಿಗುತ್ತದೆ, ಆದರೆ ಗಾಜಿನ ಮನೆಗಳು ತೋಟಕ್ಕಿಂತ ಮೊದಲೇ ಮುಚ್ಚುತ್ತವೆ. ಆ ದಿನದ ಮುಚ್ಚುವ ವೇಳೆಯನ್ನು ಒಳಗೆ ಹೋಗುವಾಗಲೇ ಕೇಳಿಟ್ಟುಕೊಳ್ಳಿ.

ಬಾಗಿಲು ತೆರೆದ ಕೂಡಲೇ ಹೋಗಬೇಕಾದದ್ದು ಪಾಮ್ ಹೌಸ್‌ಗೆ. ವಿಕ್ಟೋರಿಯಾ ಗೇಟಿನ ಹತ್ತಿರವೇ ಇದೆ. 1848ರಲ್ಲಿ ಪೂರ್ತಿಯಾದ ಕಬ್ಬಿಣ ಮತ್ತು ಗಾಜಿನ ಕಟ್ಟಡ, ಒಳಗೆ ಮಳೆಕಾಡಿನ ಹವೆ. ಗಿಡಗಳಿಗೆ ತೇವ ಬೇಕೆಂದು ಮಂಜಿನಂತೆ ನೀರು ಸಿಂಪಡಿಸುವುದರಿಂದ ನೆಲ ಒದ್ದೆಯಾಗಿರುತ್ತದೆ, ಜಾರದ ಪಾದರಕ್ಷೆ ಇರಲಿ. ಕನ್ನಡಕಕ್ಕೂ ಕ್ಯಾಮೆರಾ ಲೆನ್ಸಿಗೂ ಒಳಹೊಕ್ಕ ಕ್ಷಣವೇ ಮಂಜು ಕಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ, ಏಕೆಂದರೆ ಗಾಜು ಇನ್ನೂ ಹೊರಗಿನ ತಂಪಿನಲ್ಲೇ ಇರುತ್ತದೆ. ಐದಾರು ನಿಮಿಷ ಸುಮ್ಮನೆ ಬಿಟ್ಟರೆ ಬೆಚ್ಚಗಾಗಿ ತಾನೇ ತಿಳಿಯಾಗುತ್ತದೆ. ಸುರುಳಿ ಮೆಟ್ಟಿಲು ತೆರೆದಿದ್ದರೆ ಮೇಲಿನ ಅಟ್ಟಣೆಗೆ ಈಗಲೇ ಹತ್ತಿ. ಬಿಸಿ ಗಾಳಿಯೆಲ್ಲ ಮೇಲೆ ಸೇರುವುದರಿಂದ ಮಧ್ಯಾಹ್ನ ಅಲ್ಲಿ ನಿಲ್ಲಲಾಗುವುದಿಲ್ಲ. ಕೆಳಗೆ, ಊರುಗೋಲುಗಳ ಮೇಲೆ ಓರೆಯಾಗಿ ಒರಗಿರುವ, ತಾಳೆಯ ಹಾಗೆ ಕಾಣುವ ಒಂದು ಸೈಕಾಡ್ ಗಿಡವನ್ನು ಹುಡುಕಿ ನೋಡಿ. 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ಹಡಗಿನಲ್ಲಿ ಬಂದದ್ದು, ಇವತ್ತಿಗೂ ಕುಂಡದಲ್ಲೇ ಬದುಕಿದೆ.

ಅಲ್ಲಿಂದ ಪಕ್ಕದ ವಾಟರ್‌ಲಿಲಿ ಹೌಸ್. ಚಿಕ್ಕದು, ಆದರೆ ಇಡೀ ಕ್ಯೂನಲ್ಲಿ ಇದಕ್ಕಿಂತ ಸೆಕೆಯ ಜಾಗವಿಲ್ಲ. ಹತ್ತೂವರೆ, ಹನ್ನೊಂದರೊಳಗೆ ಹೋದರೆ ಜನವೂ ಕಡಿಮೆ. ಹಗಲು ಅರಳುವ ನೈದಿಲೆಗಳು ಆಗ ಬಿರಿದಿರುತ್ತವೆ, ತಾವರೆಯಂತೂ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ವಿಕ್ಟೋರಿಯಾ ಎಂಬ ದೈತ್ಯ ನೈದಿಲೆಯ ಹೂವಿಗಾಗಿ ಮಾತ್ರ ಕಾಯಬೇಡಿ. ಅದು ಸಂಜೆ ಅರಳುವ ಹೂ. ಮೊದಲ ರಾತ್ರಿ ಬಿಳಿ, ಎರಡನೆಯ ರಾತ್ರಿ ಗುಲಾಬಿ, ಆಮೇಲೆ ನೀರೊಳಗೆ ಮುಳುಗುತ್ತದೆ. ಹಗಲಿನಲ್ಲಿ ನೋಡಬೇಕಾದದ್ದು ಎಲೆ. ಹೊಸ ಎಲೆ ಮುಳ್ಳು ತುಂಬಿದ ಮುಷ್ಟಿಯ ಹಾಗೆ ನೀರಿನಿಂದ ಮೇಲೇಳುತ್ತದೆ. ಬಿಚ್ಚಿಕೊಂಡ ಎಲೆಯ ಅಂಚು ಹರಿವಾಣದ ಹಾಗೆ ಮೇಲಕ್ಕೆ ಮಡಚಿರುತ್ತದೆ, ಆ ಅಂಚಿನಲ್ಲಿ ಎದುರುಬದುರು ಎರಡು ಸೀಳು. ಮಳೆನೀರು ನಿಂತು ಎಲೆ ಮುಳುಗದಂತೆ ಅಲ್ಲಿಂದ ಹರಿದುಹೋಗುತ್ತದೆ. ಈ ಕುಲದ ಮೂರನೆಯ ಜಾತಿ ವಿಕ್ಟೋರಿಯಾ ಬೊಲಿವಿಯಾನಾವನ್ನು ಹೊಸದೆಂದು ಗುರುತಿಸಿದ್ದು 2022ರಲ್ಲಿ. ಅದರ ಒಣ ಮಾದರಿ ಕ್ಯೂನ ಸಂಗ್ರಹದಲ್ಲೇ 177 ವರ್ಷ ಬೇರೆ ಹೆಸರಿನಲ್ಲಿ ಕೂತಿತ್ತು!

ಹನ್ನೆರಡರೊಳಗೆ ಊಟ ಮುಗಿಸಿ. ಹನ್ನೆರಡೂವರೆಯಿಂದ ಎರಡರವರೆಗೆ ಕೆಫೆಗಳಲ್ಲಿ ಸಾಲು ಉದ್ದ. ಬುತ್ತಿ ಕಟ್ಟಿಕೊಂಡು ಹೋಗಿ ಹುಲ್ಲಿನ ಮೇಲೆ ಕೂತು ತಿನ್ನಲು ಅಡ್ಡಿಯಿಲ್ಲ, ಒಲೆ ಹೊತ್ತಿಸುವಂತಿಲ್ಲ. ಆದರೆ ಯಾವ ಮರದ ಕೆಳಗೆ ಎಂಬುದನ್ನು ನೋಡಿ ಕೂರಬೇಕು. ಲಿಂಡನ್ ಮರದ ಎಲೆಗಳಲ್ಲಿ ಬೇಸಿಗೆಗೆ ಗಿಡಹೇನು ತುಂಬಿ, ಅವು ಬಿಡುವ ಸಿಹಿ ಅಂಟು ಸಣ್ಣ ಹನಿಯಾಗಿ ಉದುರುತ್ತಿರುತ್ತದೆ. ಹಾಸಿದ ಬಟ್ಟೆ, ಬ್ಯಾಗು, ಫೋನಿನ ಗಾಜು ಎಲ್ಲ ಜಿಗುಟು. ಕೂರುವ ಮೊದಲು ಕೆಳಗೆ ಬಿದ್ದ ಎಲೆಯನ್ನು ಬೆರಳಿಂದ ಸವರಿ ನೋಡಿದರೆ ತಿಳಿಯುತ್ತದೆ. ಹಳೆಯ ಭಾರಿ ಮರಗಳ ಸುತ್ತ ಹಗ್ಗ ಅಥವಾ ಬೇಲಿ ಇದ್ದರೆ ದಾಟಬೇಡಿ. ಗಾಳಿಯೇ ಇಲ್ಲದ ಬಿಸಿ ಮಧ್ಯಾಹ್ನದಲ್ಲೂ ದೊಡ್ಡ ಕೊಂಬೆ ತಟ್ಟನೆ ಮುರಿದು ಬೀಳುವುದುಂಟು. ಜೂನ್, ಜುಲೈ ಹುಲ್ಲಿನ ಪರಾಗದ ಕಾಲ ಬೇರೆ, ಸೀನು, ಕಣ್ಣುರಿ ಇರುವವರು ಮಾತ್ರೆ ಇಟ್ಟುಕೊಂಡಿರಿ. ಹೀಥ್ರೂಗೆ ಇಳಿಯುವ ವಿಮಾನಗಳು ನೆತ್ತಿಯ ಮೇಲೇ ಹೋಗುವ ದಿನಗಳಲ್ಲಿ ನಿಮಿಷ ನಿಮಿಷಕ್ಕೂ ಮಾತು ನಿಲ್ಲಿಸಬೇಕಾಗುತ್ತದೆ. ಅದಕ್ಕೆ ಮದ್ದಿಲ್ಲ.

ಊಟದ ನಂತರ ಮರಗಳ ನೆರಳಿನಲ್ಲೇ ಟ್ರೀಟಾಪ್ ವಾಕ್‌ವೇ ಕಡೆಗೆ ನಡೆಯಿರಿ. ನೆಲದಿಂದ 18 ಮೀಟರ್ ಎತ್ತರದ ಉಕ್ಕಿನ ಕಾಲುದಾರಿ, 118 ಮೆಟ್ಟಿಲು. ಲಿಫ್ಟ್ ಇದ್ದರೂ ಅದನ್ನೇ ನಂಬಿ ಹೋಗಬೇಡಿ. ಜನ ನಡೆದಾಗ ಮೇಲೆ ತುಸು ಅಲುಗಾಡುತ್ತದೆ, ಕೆಳಗಿನದು ಜಾಲರಿ ನೆಲ. ಎತ್ತರಕ್ಕೆ ಹೆದರುವವರು ಕೆಳಗೇ ಉಳಿಯುವುದು ಮೇಲು. ಜೋರು ಗಾಳಿ, ಗುಡುಗು ಇದ್ದರೆ ಮುಚ್ಚುತ್ತಾರೆ.

ಟೆಂಪರೇಟ್ ಹೌಸ್ ಅಲ್ಲಿಗೆ ಹತ್ತಿರ. ಐದು ವರ್ಷದ ದುರಸ್ತಿಯ ನಂತರ 2018ರಲ್ಲಿ ಮತ್ತೆ ತೆರೆದದ್ದು. ಸಮಶೀತೋಷ್ಣ ವಲಯದ ಗಿಡಗಳ ಮನೆಯಾದ್ದರಿಂದ ಈ ಮೂರರಲ್ಲಿ ಮಧ್ಯಾಹ್ನಕ್ಕೆ ಉಳಿಸಿಕೊಳ್ಳಬಹುದಾದ ಗಾಜಿನ ಮನೆ ಇದೊಂದೇ. ಇಲ್ಲಿರುವ ಎನ್ಸೆಫಲಾರ್ಟಸ್ ವುಡಿಯೈ ಎಂಬ ಸೈಕಾಡ್ ಮುಂದೆ ಎರಡು ನಿಮಿಷ ನಿಲ್ಲಿ. 1895ರಲ್ಲಿ ದಕ್ಷಿಣ ಆಫ್ರಿಕಾದ ಕಾಡಿನಲ್ಲಿ ಈ ಜಾತಿಯ ಒಂದೇ ಒಂದು ಗಿಡ ಸಿಕ್ಕಿತ್ತು, ಅದೂ ಗಂಡು. ಹೆಣ್ಣು ಇದುವರೆಗೆ ಸಿಕ್ಕಿಲ್ಲ. ಲೋಕದಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅದೇ ಗಿಡದ ಮರಿಗಳು.

ಬಿಸಿಲು ಇಳಿದ ಮೇಲೆ ಬ್ರಾಡ್ ವಾಕ್. 320 ಮೀಟರ್ ಉದ್ದಕ್ಕೆ ಎರಡೂ ಬದಿ ಹೂವಿನ ಪಾತಿ, ನೆರಳು ಮಾತ್ರ ಇಲ್ಲ. ಲಾಲ್‌ಬಾಗಿಗೆ ರೂಪ ಕೊಟ್ಟ ಕೃಂಬಿಗಲ್ ಭಾರತಕ್ಕೆ ಬರುವ ಮೊದಲು ಕೆಲಸ ಮಾಡಿದ್ದು ಇದೇ ಕ್ಯೂನಲ್ಲಿ ಎಂಬುದು ಇಲ್ಲಿ ನಡೆಯುವಾಗ ನೆನಪಾದರೆ ಆಶ್ಚರ್ಯವಿಲ್ಲ. ಅದಕ್ಕೆ ಹತ್ತಿರವೇ 17 ಮೀಟರ್ ಎತ್ತರದ ಅಲ್ಯೂಮಿನಿಯಂ ಜೇನುಗೂಡು, ದಿ ಹೈವ್. ತೋಟದ ನಿಜವಾದ ಜೇನುಪೆಟ್ಟಿಗೆಯ ಕಂಪನಕ್ಕೆ ತಕ್ಕಂತೆ ಇದರ ದೀಪ ಮತ್ತು ನಾದ ಏರಿಳಿಯುತ್ತವೆ. ದೀಪ ಹಗಲಿನಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಚೀನೀ ಮಾದರಿಯ ಗೋಪುರ, 1762ರ ಪಗೋಡಾ, ತೋಟದ ಇನ್ನೊಂದು ತುದಿಯಲ್ಲಿದೆ. 253 ಮೆಟ್ಟಿಲು, ಹತ್ತಲು ಬಿಡುವುದು ಎಲ್ಲ ದಿನವೂ ಅಲ್ಲ. ಅದನ್ನು ನೋಡಲೇಬೇಕು ಎನ್ನುವವರು ಟೆಂಪರೇಟ್ ಹೌಸಿನಿಂದಲೇ ಅತ್ತ ಹೋಗಿ, ಬ್ರಾಡ್ ವಾಕ್ ಬಿಡಬೇಕು. ಎರಡೂ ಬೇಕೆಂದರೆ ಕಾಲು ಮಾತು ಕೇಳುವುದಿಲ್ಲ. ಪಗೋಡಾದಿಂದ ವಾಪಸು ವಿಕ್ಟೋರಿಯಾ ಗೇಟಿಗೆ ನಡೆಯುವ ಬದಲು ಪಕ್ಕದ ಲಯನ್ ಗೇಟಿನಿಂದ ಹೊರಬಿದ್ದು 65ನೇ ನಂಬರಿನ ಬಸ್ಸಿನಲ್ಲಿ ರಿಚ್ಮಂಡ್‌ಗೆ ಹೋಗಿ. ಬಸ್ಸಿನಲ್ಲಿ ನಗದು ನಡೆಯುವುದಿಲ್ಲ, ಕಾರ್ಡ್ ಬೇಕು, ಇಳಿಯುವಾಗ ಮುಟ್ಟಿಸಬೇಕಿಲ್ಲ. ಡಿಸ್ಟ್ರಿಕ್ಟ್ ಲೈನ್ ರೈಲು ರಿಚ್ಮಂಡ್‌ನಿಂದಲೇ ಹೊರಡುವುದರಿಂದ ಕೂರಲು ಜಾಗ ಸಿಗುತ್ತದೆ.