ಕಿಯಾಂಟಿಯ ಬಿಳಿ ರಸ್ತೆಗಳಲ್ಲಿ ಸೈಕಲ್ ಸವಾರಿ

ಇಟಲಿಯ ಟಸ್ಕನಿಯಲ್ಲಿ, ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವೆ ಹಬ್ಬಿರುವ ಕಿಯಾಂಟಿಯ ಗುಡ್ಡಗಳಲ್ಲಿ ಡಾಂಬರು ಕಾಣದ ರಸ್ತೆಗಳು ಇಂದಿಗೂ ಬಹಳಷ್ಟು ಉಳಿದಿವೆ. ಸುಣ್ಣಕಲ್ಲಿನ ಸಣ್ಣ ಜಲ್ಲಿ ಹಾಸಿದ ಈ ರಸ್ತೆಗಳು ಬಿಸಿಲಿನಲ್ಲಿ ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತವೆ. ದ್ರಾಕ್ಷಿತೋಟಗಳ ಅಂಚಿನಲ್ಲೇ ಸಾಗಿ, ಒಂದು ದಿಣ್ಣೆಯ ಹಳ್ಳಿಯಿಂದ ಇಳಿದು ಮತ್ತೊಂದು ದಿಣ್ಣೆಯ ಹಳ್ಳಿಗೆ ಏರುವ ಈ ದಾರಿಗಳಲ್ಲಿ ಗ್ರಾವೆಲ್ ಬೈಕ್, ಅಂದರೆ ಜಲ್ಲಿ ಮತ್ತು ಮಣ್ಣಿನ ದಾರಿಗೆಂದೇ ಮಾಡಿದ ಅಗಲ ಟೈರಿನ ಸೈಕಲ್, ಓಡಿಸಿದ ಮೇಲೆ ನನಗೆ ಖಚಿತವಾಗಿರುವ ವಿಷಯವೆಂದರೆ, ಇಲ್ಲಿ ದ್ರಾಕ್ಷಿಯ ಗುಣವನ್ನು ತೀರ್ಮಾನಿಸುವ ಮಣ್ಣೇ ಸವಾರಿಯ ಗುಣವನ್ನೂ ತೀರ್ಮಾನಿಸುತ್ತದೆ ಎಂಬುದು.

ಗಯೋಲೆ ಎಂಬ ಪುಟ್ಟ ಊರಿನಿಂದ ಹೊರಟವರಿಗೆ ಮೊದಲು ಎದುರಾಗುವ ದೊಡ್ಡ ಮಣ್ಣಿನ ಏರು ಬ್ರೋಲಿಯೊ ಕೋಟೆಯದು. ಇಕ್ಕೆಲಗಳಲ್ಲೂ ಸೈಪ್ರಸ್ ಮರಗಳು ಸಾಲಾಗಿ ನಿಂತಿರುವ ಈ ದಾರಿ ನೋಡುವುದಕ್ಕೆ ಎಷ್ಟು ಸೊಗಸೋ ಹತ್ತುವುದಕ್ಕೆ ಅಷ್ಟೇ ಕಠಿಣ. ಇಟಲಿಯ ಪ್ರಧಾನಿಯೂ ಆಗಿದ್ದ ಬೆತ್ತಿನೊ ರಿಕಾಸೊಲಿ 1872ರಲ್ಲಿ ಕಿಯಾಂಟಿ ವೈನಿಗೆ ಸಾಂಜೊವೆಜೆ ಎಂಬ ದ್ರಾಕ್ಷಿ ತಳಿಯನ್ನು ಮುಖ್ಯವಾಗಿಟ್ಟುಕೊಂಡು ಹದ ನಿಗದಿಪಡಿಸಿದ್ದು ಈ ಕೋಟೆಯ ಒಡೆಯರಾದ ತಮ್ಮ ಮನೆತನದ ತೋಟಗಳ ಅನುಭವದಿಂದಲೇ. ಏರಿನ ನಡುವೆ ಸೈಕಲ್ ನಿಲ್ಲಿಸಿ, ತೋಟದ ಬದುವಿನಿಂದ ಉದುರಿ ಬಿದ್ದಿದ್ದ ಬೂದುಬಣ್ಣದ ಕಲ್ಲೊಂದನ್ನು ಎತ್ತಿಕೊಂಡೆ. ಹೆಬ್ಬೆರಳಿನಿಂದ ಒತ್ತುತ್ತಿದ್ದಂತೆ ಅದು ಪದರಪದರವಾಗಿ ಬಿಚ್ಚಿಕೊಂಡು, ಕೊನೆಗೆ ಅಂಗೈಯಲ್ಲಿ ಚೂರುಗಳಷ್ಟೇ ಉಳಿದವು. ಇದು ಅಲ್ಲಿನವರು ಗಲೆಸ್ಟ್ರೊ ಎಂದು ಕರೆಯುವ ಕಲ್ಲು. ನೀರು ನಿಲ್ಲಲು ಬಿಡದೆ ಬೇರುಗಳನ್ನು ಆಳಕ್ಕೆ ಇಳಿಯುವಂತೆ ಮಾಡುವುದರಿಂದ ದ್ರಾಕ್ಷಿ ಬೆಳೆಗಾರರು ಇದನ್ನು ಬಹಳ ಮೆಚ್ಚುತ್ತಾರೆ. ಟೈರಿನ ಕೆಳಗೆ ಮಾತ್ರ ಇದೇ ಕಲ್ಲಿನ ಚಪ್ಪಟೆ ಚೂರುಗಳು ಒಂದರ ಮೇಲೊಂದು ಜಾರುತ್ತವೆ. ಪಕ್ಕದಲ್ಲೇ ಸಿಗುವ ಅಲ್ಬೆರೆಜೆ ಎಂಬ ಗಟ್ಟಿ ಸುಣ್ಣಕಲ್ಲು ಹಾಗೆ ಒಡೆಯುವುದಿಲ್ಲ. ಅದು ನೆಲದಿಂದ ಮೊನೆ ಎತ್ತಿ ನಿಂತು ಟೈರಿನ ಪಕ್ಕೆಯನ್ನು ಪರೀಕ್ಷಿಸುತ್ತದೆ.

ಇಂಥ ನೆಲಕ್ಕೆ 40 ಮಿಲಿಮೀಟರ್ ಅಗಲದ ಟ್ಯೂಬ್‌ಲೆಸ್ ಟೈರು ಸಾಕು ಎಂಬುದು ನನ್ನ ಅಭಿಪ್ರಾಯ. ಸುಮಾರು 70 ಕಿಲೋ ತೂಕದ ಸವಾರನಿಗೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನ ಗಾಳಿ ಹೊಂದುತ್ತದೆ. ಡಾಂಬರು ರಸ್ತೆಯ ರೂಢಿಯಲ್ಲಿ ಗಾಳಿಯನ್ನು ಬಿಗಿಯಾಗಿ ತುಂಬಿದರೆ ಟೈರು ಕಲ್ಲನ್ನು ಅಪ್ಪಿಕೊಳ್ಳದೆ ಪುಟಿಯುತ್ತದೆ, ಆ ಪುಟಿತದಲ್ಲಿ ಸವಾರನ ಶಕ್ತಿಯೆಲ್ಲ ಸೋರಿಹೋಗುತ್ತದೆ. ಕಾರು ಮತ್ತು ಟ್ರ್ಯಾಕ್ಟರುಗಳ ಗಾಲಿ ಹಾದು ನುಣುಪಾದ ಎರಡು ಜಾಡುಗಳು ರಸ್ತೆಯುದ್ದಕ್ಕೂ ಇರುತ್ತವೆ. ಸಡಿಲ ಜಲ್ಲಿಯೆಲ್ಲ ನಡುವಿಗೂ ಅಂಚಿಗೂ ಸರಿದಿರುತ್ತದೆ. ಒಂದು ಜಾಡಿನಿಂದ ಇನ್ನೊಂದಕ್ಕೆ ದಾಟುವ ಹೊತ್ತಿನಲ್ಲಿ ಹ್ಯಾಂಡಲನ್ನು ಬಿಗಿಹಿಡಿದವನಿಗೇ ಜಾರುವ ಅಪಾಯ ಹೆಚ್ಚು. ಇಳಿಜಾರಿನಲ್ಲಿ ಬ್ರೇಕಿನ ಕೆಲಸವನ್ನೆಲ್ಲ ತಿರುವಿಗೆ ಮೊದಲೇ ಮುಗಿಸಿ, ಮೈಭಾರವನ್ನು ತುಸು ಹಿಂದಕ್ಕೆ ತಂದು, ಮೊಣಕೈ ಸಡಿಲಿಸಿ, ಕಣ್ಣನ್ನು ಮುಂದಿನ ಗಾಲಿಯ ಮೇಲಲ್ಲದೆ ತಿರುವು ಮುಗಿಯುವ ಕಡೆಗೆ ನೆಟ್ಟರೆ ಸೈಕಲ್ ತಾನಾಗಿ ದಾರಿ ಹಿಡಿಯುತ್ತದೆ.

ಇಷ್ಟೊಂದು ಮಣ್ಣಿನ ರಸ್ತೆಗಳು ಇಲ್ಲಿ ಏಕಿವೆ ಎಂಬ ಪ್ರಶ್ನೆಗೆ ಉತ್ತರ ಆ ನಾಡಿನ ಹಿಂದಿನ ಬೇಸಾಯ ಪದ್ಧತಿಯಲ್ಲಿದೆ. ಶತಮಾನಗಳ ಕಾಲ ಇಲ್ಲಿ ಗೇಣಿದಾರ ಕುಟುಂಬಗಳು ಬೆಳೆಯ ಅರ್ಧಭಾಗವನ್ನು ಜಮೀನ್ದಾರನಿಗೆ ಒಪ್ಪಿಸಿ, ತಾವು ಉಳುವ ಹೊಲದ ನಡುವಿನ ಒಂಟಿ ಕಲ್ಲುಮನೆಗಳಲ್ಲೇ ವಾಸಿಸುತ್ತಿದ್ದವು. ಪ್ರತಿ ಮನೆಗೂ ಗಾಡಿ ಹೋಗುವಂಥ ಒಂದು ದಾರಿ ಬೇಕಿತ್ತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಆ ಕುಟುಂಬಗಳು ನಗರಗಳತ್ತ ಹೊರಟುಹೋದವು, ದಾರಿಗಳು ಹಾಗೆಯೇ ಉಳಿದವು. ಇಂದು ನಾವು ಸಂತೋಷಕ್ಕಾಗಿ ತುಳಿಯುವ ಈ ದಾರಿಗಳ ಮೇಲೆ ಒಂದು ಕಾಲಕ್ಕೆ ಅರ್ಧಪಾಲಿನ ಧಾನ್ಯ ಹೊತ್ತ ಎತ್ತಿನ ಗಾಡಿಗಳು ಸಾಗಿದ್ದವು ಎಂಬುದನ್ನು ಸವಾರರು ಮರೆಯಬಾರದೆಂದು ನನಗೆ ಅನಿಸುತ್ತದೆ. ಜನವಸತಿ ಇರುವ ಮನೆಗಳ ಮುಂದೆ ವೇಗ ತಗ್ಗಿಸುವುದನ್ನು ನಾನು ನಿಯಮದಂತೆ ಪಾಲಿಸಿದೆ, ಏಕೆಂದರೆ ಅಂಗಳದ ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳಿಗೂ ರಸ್ತೆಗೆ ತಾಗಿದ ಮೊದಲ ಸಾಲಿನ ಬಳ್ಳಿಗಳಿಗೂ ಈಗಾಗಲೇ ಸಾಕಷ್ಟು ಬಿಳಿ ಧೂಳು ಅಂಟಿರುತ್ತದೆ. ಹಳ್ಳಿಗಳಲ್ಲಿ ಕಳೆಯುವ ಸಮಯ ನೀರು ತುಂಬಿಸಿಕೊಳ್ಳುವಷ್ಟೇ ಆದರೂ, ಬೆಂಚಿನ ಮೇಲೆ ಕುಳಿತ ವೃದ್ಧರೊಬ್ಬರು ಎದ್ದು ಬಂದು ನನ್ನ ಟೈರನ್ನು ಬೆರಳಿನಿಂದ ಒತ್ತಿ ನೋಡಿ ಒಪ್ಪಿಗೆಯಿಂದ ತಲೆಯಾಡಿಸಿದ್ದು ನನಗೆ ಯಾವ ಕೈಪಿಡಿಯ ಸಲಹೆಗಿಂತಲೂ ಹೆಚ್ಚು ಧೈರ್ಯ ಕೊಟ್ಟಿತು.

ಸಿಯೆನಾದ ಆಗ್ನೇಯಕ್ಕೆ, ಅಶಾನೊ ಊರಿನ ಸುತ್ತಮುತ್ತ, ನೆಲ ಸಂಪೂರ್ಣವಾಗಿ ಬದಲಾಗುತ್ತದೆ. ಕ್ರೆಟೆ ಸೆನೆಸಿ ಎಂದು ಕರೆಯುವ ಈ ಪ್ರದೇಶ ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿತ್ತು. ಆ ಕಾಲದಲ್ಲಿ ಶೇಖರವಾದ ಬೂದು ಜೇಡಿಮಣ್ಣೇ ಇಲ್ಲಿನ ಬೋಳು ಗುಡ್ಡಗಳು. ಬಳ್ಳಿಗಳು ವಿರಳವಾಗಿ, ಅವುಗಳ ಜಾಗದಲ್ಲಿ ಗೋಧಿ ಹೊಲಗಳೂ ಕುರಿ ಮೇಯುವ ಇಳಿಜಾರುಗಳೂ ಕಾಣಿಸಿಕೊಳ್ಳುತ್ತವೆ. ಮೊಂಟೆ ಸಾಂಟೆ ಮಾರಿಯೆ ಎಂಬ 11.5 ಕಿಲೋಮೀಟರ್ ಉದ್ದದ ಮಣ್ಣಿನ ದಾರಿ ಇಲ್ಲಿಯೇ ಇದೆ. ಈ ಬಿಳಿ ರಸ್ತೆಗಳ ಮೇಲೆ 2007ರಲ್ಲಿ ಆರಂಭವಾದ ಸ್ತ್ರಾದೆ ಬಿಯಾಂಕೆ ಎಂಬ ವೃತ್ತಿಪರ ಸೈಕಲ್ ಸ್ಪರ್ಧೆಯನ್ನು ಮೂರು ಬಾರಿ ಗೆದ್ದ ಸ್ವಿಸ್ ಸವಾರ ಫೇಬಿಯನ್ ಕ್ಯಾನ್ಸೆಲ್ಲಾರಾ ಅವರ ಹೆಸರನ್ನು ಈ ದಾರಿಗೆ ಇಟ್ಟಿದ್ದಾರೆ. 2024ರ ಸ್ಪರ್ಧೆಯಲ್ಲಿ ಸ್ಲೊವೇನಿಯಾದ ಸವಾರ ತದೇಯ್ ಪೊಗಾಚರ್ ಗುರಿಗೆ ಇನ್ನೂ 81 ಕಿಲೋಮೀಟರ್ ಇರುವಾಗ ಎಲ್ಲರನ್ನೂ ಬಿಟ್ಟು ಒಬ್ಬರೇ ಮುಂದೆ ಹೋದದ್ದು ಇದೇ ಭಾಗದಲ್ಲಿ. ಅಲ್ಲಿನ ಮೊಂಡು ಏರುಗಳನ್ನು ಅತಿ ಸಣ್ಣ ಗೇರಿನಲ್ಲಿ, ಆಸನ ಬಿಡದೆ, ಹಿಂದಿನ ಗಾಲಿ ಹಿಡಿತ ತಪ್ಪದಂತೆ ತುಳಿಯುತ್ತಾ ಹೋದ ನನಗೆ ಅವರ ಸಾಧನೆಯ ಅಳತೆ ಕಾಲುಗಳ ಮೂಲಕವೇ ಅರ್ಥವಾಯಿತು.

ಈ ರಸ್ತೆಗಳು ತಾವಾಗಿ ಉಳಿದುಬಂದಿಲ್ಲ. ಇವುಗಳ ಮೇಲೆ ಡಾಂಬರು ಹರಡುವುದನ್ನು ತಡೆಯಬೇಕೆಂಬ ಉದ್ದೇಶದಿಂದ ಜಾಂಕಾರ್ಲೊ ಬ್ರೋಚಿ 1997ರಲ್ಲಿ ಗಯೋಲೆಯಿಂದ ಎರೋಯಿಕಾ ಎಂಬ ಹಳೆಯ ಸೈಕಲ್ಲುಗಳ ಸವಾರಿಯನ್ನು ಆರಂಭಿಸಿದರು. ಮೊದಲ ವರ್ಷ ಬಂದವರು 92 ಮಂದಿ ಮಾತ್ರ. ಈಗ ಪ್ರತಿ ಅಕ್ಟೋಬರಿನಲ್ಲಿ ಸಾವಿರಾರು ಜನ ಸೇರುತ್ತಾರೆ. ಆ ಸವಾರಿಯ 209 ಕಿಲೋಮೀಟರ್‌ಗಳ ಹಾದಿಗೆ ಶಾಶ್ವತ ಫಲಕಗಳಿರುವುದರಿಂದ ವರ್ಷದ ಯಾವ ದಿನವಾದರೂ ನಮ್ಮಷ್ಟಕ್ಕೆ ನಾವು ಹೋಗಿಬರಬಹುದು. ರಸ್ತೆಗೆ ಡಾಂಬರು ಹಾಕದಿರುವುದು ಹಿಂದುಳಿದಿರುವಿಕೆಯ ಗುರುತೆಂಬ ಭಾವನೆ ಅನೇಕರಲ್ಲಿದೆ. ಕಿಯಾಂಟಿಯಲ್ಲಿ ಅದು ಯೋಚಿಸಿ ಕೈಗೊಂಡ ತೀರ್ಮಾನ, ಮತ್ತು ನನ್ನ ದೃಷ್ಟಿಯಲ್ಲಿ ಬಹಳ ವಿವೇಕದ ತೀರ್ಮಾನ.

ಹೋಗಬೇಕೆಂದಿರುವವರಿಗೆ ಸೆಪ್ಟೆಂಬರ್ ಕೊನೆಯ ವಾರಗಳನ್ನು ಸೂಚಿಸುತ್ತೇನೆ. ಸಾಂಜೊವೆಜೆ ತಡವಾಗಿ ಹಣ್ಣಾಗುವ ತಳಿಯಾದ್ದರಿಂದ ಆಗ ಕೊಯ್ಲು ನಡೆಯುತ್ತಿರುತ್ತದೆ, ಬಿಸಿಲೂ ಇಳಿದಿರುತ್ತದೆ. ದ್ರಾಕ್ಷಿ ತುಂಬಿದ ಟ್ರ್ಯಾಕ್ಟರು ಎದುರಾದರೆ ಅಂಚಿಗೆ ಸರಿದು ನಿಂತು ದಾರಿ ಬಿಡಬೇಕು. ಆ ಹೊತ್ತಿನಲ್ಲಿ ರಸ್ತೆ ಮೊದಲು ಅವರದು. ಒಂದೇ ದಿನ ಸಿಕ್ಕುವುದಾದರೆ ಗಯೋಲೆ ಮತ್ತು ಬ್ರೋಲಿಯೊ ಸುತ್ತಿಗೆ ಅದನ್ನು ಮೀಸಲಿಡಿ. ರಾತ್ರಿ ಮಳೆ ಸುರಿದಿದ್ದರೆ ಮರುದಿನ ಕ್ರೆಟೆಯ ಕಡೆಗೆ ತಲೆಹಾಕಬೇಡಿ. ಅಲ್ಲಿನ ಜೇಡಿ ಟೈರಿಗೂ ಫ್ರೇಮಿಗೂ ನಡುವೆ ಗಾರೆಯಂತೆ ಕಚ್ಚಿಕೊಂಡು ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಗಲೆಸ್ಟ್ರೊ ಇರುವ ದಾರಿಗಳಾದರೋ ನೀರನ್ನು ಬೇಗ ಇಂಗಿಸಿಕೊಂಡು, ಬಿಸಿಲೇರುವಷ್ಟರಲ್ಲಿ ಸವಾರಿಗೆ ಸಿದ್ಧವಾಗಿರುತ್ತವೆ.